ಕಡೆಯ ಸಾಲಿಗೆ ಕಾಣುವುದೇನು?

ಈಚೆಗೆ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಎಲ್ಲಿ, ಯಾರು ನಡೆಸಿದ್ದು ಎಂಬುದು ಇಲ್ಲಿ ಮುಖ್ಯವಲ್ಲ; ನಾಡಿನ ಯಾವ ಊರಿನಲ್ಲಾದರೂ ಹೀಗೆಯೇ ನಡೆಯಬಹುದಿತ್ತು. ವಿಷಯ ಅಂತರ್ಜಲ. ವಿದ್ವಾಂಸರೊಬ್ಬರು ವರ್ಷಗಟ್ಟಲೆ ಕಲೆಹಾಕಿದ ಅಂಕಿ-ಅಂಶಗಳನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಪರದೆ ಇದ್ದದ್ದು ವೇದಿಕೆಯ ಹಿಂಗೋಡೆಯ ಮೇಲೆ. ಅದರ ಮುಂದೆ ಉದ್ದನೆಯ ಮೇಜು, ಮೇಜಿನ ಹಿಂದೆ ಶಾಲು ಹೊದ್ದ ಏಳು ಮಂದಿ ಅತಿಥಿಗಳು. ಪರದೆ ನೋಡಲು ಅವರು ಕತ್ತು ಹೊರಳಿಸಿ ದಣಿದು, ಕೊನೆಗೆ ಆ ಪ್ರಯತ್ನವನ್ನೇ ಕೈಬಿಟ್ಟರು. ಸಭಿಕರಿಗಾದರೋ ಪರದೆಯ ಕೆಳಗಿನ ಅರ್ಧ ಭಾಗ ಕಾಣಲೇ ಇಲ್ಲ. ನನ್ನ ಪಕ್ಕದಲ್ಲಿ, ಕಡೆಯ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿ ಮೊದಲ ಹತ್ತು ನಿಮಿಷ ಶ್ರದ್ಧೆಯಿಂದ ಟಿಪ್ಪಣಿ ಬರೆದುಕೊಂಡಳು. ಆಮೇಲೆ ಪಕ್ಕದವಳನ್ನು ಕೇಳಿ ಬರೆದಳು. ಆಮೇಲೆ ಪುಸ್ತಕ ಮುಚ್ಚಿಟ್ಟಳು. ಮುಂದಿನ ಸಾಲಿನ ಸೋಫಾಗಳೆಲ್ಲ ಖಾಲಿ ಇದ್ದವು. ಅವುಗಳ ಮೇಲೆ ‘ಗಣ್ಯರಿಗೆ’ ಎಂದು ಬರೆದ ಕಾಗದ ಅಂಟಿಸಲಾಗಿತ್ತು.

ಕುರ್ಚಿ ಹಾಕುವುದು, ಪರದೆ ಕಟ್ಟುವುದು ಶಾಮಿಯಾನದವರ ಕೆಲಸವೆಂದು ನಾವು ತಿಳಿದಿದ್ದೇವೆ. ಅಧ್ಯಕ್ಷರು ಯಾರು, ಆಹ್ವಾನ ಪತ್ರಿಕೆಯಲ್ಲಿ ಹೆಸರುಗಳ ಅನುಕ್ರಮ ಹೇಗಿರಬೇಕು ಎಂಬುದಕ್ಕೆ ಸಭೆಯ ಮೇಲೆ ಸಭೆ ನಡೆಸುವ ನಾವು, ಕೇಳಲು ಬಂದವನಿಗೆ ಕಾಣುತ್ತದೆಯೇ ಎಂದು ಒಮ್ಮೆಯೂ ಪರೀಕ್ಷಿಸುವುದಿಲ್ಲ. ಈ ಉದಾಸೀನಕ್ಕೆ ಹೆಚ್ಚಿನ ಬೆಲೆ ತೆರುವವರು ಸಣ್ಣ ಊರುಗಳ ವಿದ್ಯಾರ್ಥಿಗಳು. ಕೊಪ್ಪಳ ಜಿಲ್ಲೆಯ ತಳಕಲ್ಲನ್ನೇ ನೋಡಿ. ಕುಕನೂರಿನ ಸಮೀಪದ ಈ ಹಳ್ಳಿಯಲ್ಲಿ ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಗದಗ-ವಾಡಿ ಹೊಸ ರೈಲು ಮಾರ್ಗ ಕವಲೊಡೆಯುವುದೂ ಇಲ್ಲಿಂದಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ಪ್ರಯಾಣಿಕರ ರೈಲು ಓಡತೊಡಗಿತು. ದಾರಿ ತೆರೆದಂತೆ ವಿದ್ವಾಂಸರೂ ಬರುತ್ತಾರೆ, ಗೋಷ್ಠಿಗಳೂ ನಡೆಯುತ್ತವೆ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗ ಹುಡುಗಿಯರಿಗೆ ಅಂಥ ಒಂದು ಉಪನ್ಯಾಸ ಬದುಕಿನ ದಿಕ್ಕನ್ನೇ ಬದಲಿಸಬಹುದು. ಕಾಣಬೇಕು, ಕೇಳಿಸಬೇಕು, ಅಷ್ಟೇ.

ಇದರಲ್ಲಿ ಗಹನವಾದ ವಿದ್ಯೆಯೇನೂ ಇಲ್ಲ, ಒಂದಿಷ್ಟು ಲೆಕ್ಕವಿದೆ. ಪರದೆಯ ಮೇಲಿನ ಅಕ್ಷರಗಳನ್ನು ಓದಬೇಕಾದರೆ, ಕಡೆಯ ಸಾಲು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರವಿರಬಾರದು, ಮೊದಲ ಸಾಲು ಎರಡು ಪಟ್ಟಿಗಿಂತ ಹತ್ತಿರವಿರಬಾರದು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರ. ಪರದೆಯ ಎತ್ತರ 4 ಅಡಿ ಇದ್ದರೆ 24 ಅಡಿಯಾಚೆ ಕುಳಿತವರು ಓದಲು ತಿಣುಕಬೇಕು. ನಮ್ಮ ಕಾಲೇಜುಗಳ ಸಭಾಂಗಣ 40 ಅಡಿ ಉದ್ದವಿತ್ತೆನ್ನಿ. ಹಾಗಾದರೆ ಹಿಂದಿನ 16 ಅಡಿಯಲ್ಲಿ ಕುಳಿತವರೆಲ್ಲ ಕೇವಲ ಹಾಜರಿಗಾಗಿ ಬಂದವರೆಂದೇ ಅರ್ಥ. ದೊಡ್ಡ ಪರದೆ ತರೋಣವೆಂದರೆ ಎತ್ತರ ಸುಮಾರು 7 ಅಡಿ ಬೇಕು. ಕುಳಿತವರ ಕಣ್ಣು ನೆಲದಿಂದ ಹೆಚ್ಚುಕಡಿಮೆ 4 ಅಡಿ ಎತ್ತರದಲ್ಲಿರುತ್ತದೆ. ಸಮತಟ್ಟಾದ ನೆಲದಲ್ಲಿ ಪರದೆಯ ಕೆಳ ಅಂಚು ಅದಕ್ಕಿಂತ ಮೇಲಿರದಿದ್ದರೆ ಮುಂದಿನವರ ತಲೆ ಅಡ್ಡ ಬರುತ್ತದೆ. ನಾಲ್ಕಕ್ಕೆ ಏಳು ಕೂಡಿಸಿದರೆ 11 ಅಡಿ. ಸಾಧಾರಣ ಕೊಠಡಿಯ ಸೂರು ಅಲ್ಲಿಗೆ ಮುಗಿದಿರುತ್ತದೆ.

ಹಾಗೆಂದು ಕೈಚೆಲ್ಲಬೇಕಾಗಿಲ್ಲ. ಕೊಠಡಿಯನ್ನೇ ಅಡ್ಡಲಾಗಿ ಬಳಸಿಕೊಳ್ಳಬಹುದು. ಉದ್ದನೆಯ ಗೋಡೆಯ ಕಡೆಗೆ ಮುಖ ಮಾಡಿ ಕುರ್ಚಿ ಹಾಕಿದರೆ ಕಡೆಯ ಸಾಲೂ ಹತ್ತಿರವಾಗುತ್ತದೆ. ಆಗ ಅಂಚಿನಲ್ಲಿ ಕುಳಿತವರಿಗೆ ಒಂದೇ ಪರದೆ ಓರೆಯಾಗಿ ಕಾಣುವುದರಿಂದ ಎರಡು ಪರದೆಗಳನ್ನಿಟ್ಟು ನಡುವೆ ಉಪನ್ಯಾಸಕರು ನಿಲ್ಲಬೇಕು. ಅದು ಸಾಧ್ಯವಾಗದಿದ್ದರೆ ಸಭಾಂಗಣದ ನಡುಭಾಗದಲ್ಲಿ, ಪಕ್ಕದ ಗೋಡೆಗೆ, ಇನ್ನೊಂದು ಪರದೆ ಹಾಕಬಹುದು. ಕುರ್ಚಿಗಳನ್ನು ಒಂದರ ಹಿಂದೆ ಒಂದರಂತೆ ಇಡದೆ, ಮುಂದಿನ ಎರಡು ಕುರ್ಚಿಗಳ ಸಂದಿನಿಂದ ಹಿಂದಿನವನಿಗೆ ನೋಟ ಸಿಗುವಂತೆ ಅರ್ಧ ಕುರ್ಚಿಯಷ್ಟು ಸರಿಸಿ ಇಡುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಬಾಗಿಲು ಸಭಿಕರ ಬೆನ್ನ ಹಿಂದೆ ಬಂದರೆ ತಡವಾಗಿ ಬಂದವರು ಪರದೆಯ ಮುಂದೆ ಹಾಯುವುದು ತಪ್ಪುತ್ತದೆ. ಗಾಲಿಕುರ್ಚಿಯಲ್ಲಿ ಬರುವವರಿಗೆ ಹಿಂದಿನ ಮೂಲೆಯಲ್ಲಲ್ಲ, ಸಾಲುಗಳ ನಡುವೆಯೇ ಜಾಗ ಬಿಡಬೇಕು.

ಬೆಳಕಿನದು ಇನ್ನೊಂದು ಸಮಸ್ಯೆ. ಕೊಪ್ಪಳ, ರಾಯಚೂರಿನಂಥ ಬಿಸಿಲ ನಾಡಿನಲ್ಲಿ ಚಿತ್ರ ಕಾಣಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದರೆ ಸಭಿಕರು ಬೇಯುತ್ತಾರೆ. ತೆರೆದಿಟ್ಟರೆ ಪರದೆ ಬಿಳುಚಿಕೊಳ್ಳುತ್ತದೆ. ಪರದೆಯನ್ನು ಕಿಟಕಿಗೆ ಎದುರಾಗಿ ಹಾಕದೆ, ಅದರ ಬಳಿಯ ಒಂದೆರಡು ಕಿಟಕಿಗಳಿಗೆ ಮಾತ್ರ ದಪ್ಪ ಬಟ್ಟೆ ಕಟ್ಟಿ, ಮುಂದಿನ ದೀಪಗಳಿಗೆ ಬೇರೆ ಸ್ವಿಚ್ಚು ಹಾಕಿಸಿದರೆ ಅರ್ಧ ತೊಂದರೆ ನೀಗುತ್ತದೆ. ಹಿಂದಿನ ದೀಪಗಳು ಉರಿಯುತ್ತಲೇ ಇರಬೇಕು. ಕತ್ತಲಲ್ಲಿ ಟಿಪ್ಪಣಿ ಬರೆಯಲಾಗದು. ಕನ್ನಡದ ಲಿಪಿಗೆ ಅದರದೇ ಆದ ಅಗತ್ಯವೂ ಇದೆ. ನಮ್ಮ ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ಸಾಲಿನ ಕೆಳಗಿಳಿಯುವಂಥವು. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ಒಂದು ಪುಟದಲ್ಲಿ ಏಳೆಂಟು ಸಾಲು ಮೀರಿದರೆ ಒತ್ತು ಮಸುಕಾಗುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿದಿರಲಿಲ್ಲವೇ? ತಳಕಲ್‌ಗೆ ಸಮೀಪದ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ದೇವಾಲಯವಿದೆ. ಕಲ್ಯಾಣ ಚಾಲುಕ್ಯರ ಕಾಲದ ತೆರೆದ ಮಂಟಪಗಳಲ್ಲಿ ಅಂಚಿನುದ್ದಕ್ಕೂ ಒರಗಿ ಕೂರುವ ಕಕ್ಷಾಸನಗಳಿರುವುದನ್ನು ನೋಡಬಹುದು. ನಡುವೆ ರಂಗ, ಸುತ್ತ ಜನ, ಬದಿಗಳಿಂದ ಗಾಳಿ ಬೆಳಕು. ಅಷ್ಟು ಹಿಂದಕ್ಕೇಕೆ? ಟೆಂಟ್ ಸಿನಿಮಾಗಳಲ್ಲಿ ಮುಂದೆ ನೆಲ, ಅದರ ಹಿಂದೆ ಬೆಂಚು, ಅದಕ್ಕೂ ಹಿಂದೆ ಕುರ್ಚಿ. ಕಡಿಮೆ ದುಡ್ಡಿನವನು ಮುಂದೆ ಕೂರುತ್ತಿದ್ದ, ಹೆಚ್ಚು ದುಡ್ಡಿನವನು ಹಿಂದೆ, ಎತ್ತರದಲ್ಲಿ. ಯಾರ ತಲೆಯೂ ಯಾರಿಗೂ ಅಡ್ಡ ಬರುತ್ತಿರಲಿಲ್ಲ. ಅಲ್ಲಿ ಜಾಗ ಗೊತ್ತಾಗುತ್ತಿದ್ದುದು ಪರದೆಯನ್ನು ಲಕ್ಷ್ಯದಲ್ಲಿಟ್ಟು. ನಮ್ಮ ಸಂಕಿರಣಗಳಲ್ಲಿ ಗೊತ್ತಾಗುವುದು ಪದವಿಯನ್ನು ಲಕ್ಷ್ಯದಲ್ಲಿಟ್ಟು.

ತೊಡಕಿನ ಮೂಲ ಇರುವುದು ಇಲ್ಲೇ. ನಾವು ಉದ್ಘಾಟನೆಗೆಂದು ವೇದಿಕೆ ಕಟ್ಟುತ್ತೇವೆ, ಅದರ ಮೇಲೆಯೇ ಗೋಷ್ಠಿಯನ್ನೂ ನಡೆಸುತ್ತೇವೆ. ಉದ್ಘಾಟನೆಯಲ್ಲಿ ಜನ ಗಣ್ಯರನ್ನು ನೋಡಬೇಕು. ಗೋಷ್ಠಿಯಲ್ಲಿ ವಿಷಯವನ್ನು ನೋಡಬೇಕು. ಎರಡಕ್ಕೂ ಒಂದೇ ವ್ಯವಸ್ಥೆ ಸಲ್ಲದು. 2011ರಲ್ಲಿ ಇದೇ ಜಿಲ್ಲೆಯ ಗಂಗಾವತಿಯಲ್ಲಿ 78ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಮ್ಮೇಳನದಂಥ ಜನಸಾಗರಕ್ಕೆ ಎತ್ತರದ ವೇದಿಕೆ ಬೇಕು, ನಿಜ. ಆದರೆ ಎಂಬತ್ತು ಮಂದಿಯ ಗೋಷ್ಠಿಗೂ ಅದನ್ನೇ ಅನುಕರಿಸುವ ಅಗತ್ಯವೇನು? ದೀಪ ಬೆಳಗಿಸಿದ ಮೇಲೆ ಅತಿಥಿಗಳು ಕೆಳಗಿಳಿದು ಸಭಿಕರೊಡನೆ ಕುಳಿತರೆ ಅವರ ಗೌರವಕ್ಕೇನೂ ಕುಂದಿಲ್ಲ. ಪರದೆ ಅವರಿಗೂ ಕಾಣುತ್ತದೆ.

ಗಣ್ಯರು ಬರುವರೆಂಬ ನಿರೀಕ್ಷೆಯಲ್ಲಿ ಮೊದಲ ಸಾಲು ಖಾಲಿ ಬಿಡುವುದು ಶಿಷ್ಟಾಚಾರವಂತೆ. ಹತ್ತು ನಿಮಿಷ ಕಾದು, ಬಾರದಿದ್ದರೆ ಕಾಗದ ಕಿತ್ತು ವಿದ್ಯಾರ್ಥಿಗಳನ್ನು ಕೂರಿಸುವುದೂ ಶಿಷ್ಟಾಚಾರವಾಗಲಿ. ಹಾಗೆಯೇ ಸಂಘಟಕರು ಹಿಂದಿನ ಸಂಜೆ ಒಂದು ಕೆಲಸ ಮಾಡಲಿ: ಕಡೆಯ ಸಾಲಿನ ಮೂಲೆಯ ಕುರ್ಚಿಯಲ್ಲಿ ಕುಳಿತು, ಪರದೆಯ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಲಿ. ಓದಲಾಗದಿದ್ದರೆ ಕುರ್ಚಿಯನ್ನೋ ಪರದೆಯನ್ನೋ ಅಕ್ಷರವನ್ನೋ ಬದಲಿಸಲಿ.

ಅಂದಿನ ಗೋಷ್ಠಿಯ ಕೊನೆಗೆ ಅಧ್ಯಕ್ಷರು ‘ಪ್ರಶ್ನೆಗಳಿದ್ದರೆ ಕೇಳಬಹುದು’ ಎಂದರು. ಯಾರೂ ಏಳಲಿಲ್ಲ. ‘ಇಂದಿನ ವಿದ್ಯಾರ್ಥಿಗಳಲ್ಲಿ ಆಸಕ್ತಿಯೇ ಇಲ್ಲ’ ಎಂದು ಅವರು ವಿಷಾದಿಸಿದರು. ನನ್ನ ಪಕ್ಕದ ಹುಡುಗಿ ಮುಚ್ಚಿದ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು. ಆಸಕ್ತಿ ಅವಳಲ್ಲಿತ್ತು, ಅದರ ಮೊದಲ ಎರಡು ಪುಟಗಳನ್ನು ನಾನೇ ನೋಡಿದ್ದೆ.