ಲೀನಿಯರ್ ಮಾಡೆಲ್, ಲೀನಿಯರ್ ಮೋಟಾರ್: ತಪ್ಪು ಕಲ್ಪನೆ ಮತ್ತು ವಾಸ್ತವ

ತುಮಕೂರಿನಲ್ಲಿ ಎಂ.ಎಸ್ಸಿ., ಎಂ.ಟೆಕ್. ಮುಗಿಸಿ ಪಿಎಚ್.ಡಿ.ಗೆ ವಿಷಯ ಹುಡುಕುವವರಿಗೆ ನೆಲೆಯ ಕೊರತೆಯಿಲ್ಲ. ಸಿದ್ಧಗಂಗಾ ತಾಂತ್ರಿಕ ಕಾಲೇಜು 1963ರಿಂದ ಇದೆ, ಶ್ರೀ ಸಿದ್ಧಾರ್ಥ ತಾಂತ್ರಿಕ ಕಾಲೇಜು 1979ರಿಂದ, ವಿಶ್ವವಿದ್ಯಾನಿಲಯ 2004ರಿಂದ. ಶಿರಾ ಗೇಟ್ ದಾಟಿ ಉತ್ತರದ ಹಾದಿ ಹಿಡಿದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಅಲ್ಲಿ ಮೆಷಿನ್ ಟೂಲ್ ಪಾರ್ಕ್. ಇನ್ನೂ ಮುಂದೆ ಹೋದರೆ ಶಿರಾ, ಪಾವಗಡದ ಮಳೆಯಾಶ್ರಿತ ಹೊಲಗಳು. ಯಂತ್ರವೂ ಹತ್ತಿರ, ಹೊಲವೂ ಹತ್ತಿರ. ಆದರೂ ಎರಡು ಒಳ್ಳೆಯ ವಿಷಯಗಳನ್ನು ವಿದ್ಯಾರ್ಥಿಗಳು ಒಂದೇ ಮಾತಿನಲ್ಲಿ ಪಕ್ಕಕ್ಕಿಡುತ್ತಾರೆ: “ಅದು ಲೀನಿಯರ್ ಅಲ್ವಾ ಸಾರ್, ಅದರಲ್ಲಿ ಹೊಸದೇನಿದೆ?” ಒಂದು, ಸಂಖ್ಯಾಶಾಸ್ತ್ರದ ಲೀನಿಯರ್ ಮಾಡೆಲ್. ಇನ್ನೊಂದು, ವಿದ್ಯುತ್ ವಿಭಾಗದ ಲೀನಿಯರ್ ಮೋಟಾರ್. ಎರಡರಲ್ಲೂ ಕಷ್ಟ ಮತ್ತು ಸ್ವಾರಸ್ಯ ಇರುವುದು ಸೂತ್ರ ಹೇಳಿ ಮುಗಿಸಿದ ಮೇಲೆ ಉಳಿಯುವ ಭಾಗದಲ್ಲಿ. ಆ ಭಾಗ ಕಣ್ಣಿಗೆ ಬೀಳದಂತೆ ಮರೆಮಾಡುವ ಕೆಲವು ಕಲ್ಪನೆಗಳನ್ನು ಒಂದೊಂದಾಗಿ ನೋಡೋಣ.

ಕಲ್ಪನೆ: ಲೀನಿಯರ್ ಮಾಡೆಲ್ ಅಂದರೆ ಚುಕ್ಕೆಗಳ ನಡುವೆ ಒಂದು ನೇರ ಗೆರೆ ಎಳೆಯುವುದು

ಶಿರಾ ಸೀಮೆಯ ಹೊಲದಲ್ಲಿ ರಾಗಿ ಇಳುವರಿಗೂ ಮಳೆಗೂ ಇರುವ ನಂಟನ್ನೇ ತೆಗೆದುಕೊಳ್ಳಿ. ಮಳೆ ಹೆಚ್ಚಿದಂತೆ ಇಳುವರಿ ಏರುತ್ತದೆ. ಒಂದು ಹಂತ ಮೀರಿದರೆ ನೀರು ನಿಂತು ಪೈರು ಸೊರಗುತ್ತದೆ. ಬರೆದರೆ ಬಾಗಿದ ಗೆರೆ ಬರುತ್ತದೆ. ಇದನ್ನು ‘ಇಳುವರಿ = ಅ + ಆ × ಮಳೆ + ಇ × ಮಳೆಯ ವರ್ಗ + ದೋಷ’ ಎಂದು ಬರೆಯಬಹುದು. ಗೆರೆ ಬಾಗಿದ್ದರೂ ಇದು ಅಪ್ಪಟ ಲೀನಿಯರ್ ಮಾಡೆಲ್. ನಮಗೆ ಗೊತ್ತಿಲ್ಲದಿರುವುದು ಅ, ಆ, ಇ ಎಂಬ ಗುಣಾಂಕಗಳು. ಸಮೀಕರಣ ಅವುಗಳ ಲೆಕ್ಕದಲ್ಲಿ ರೇಖೀಯವಾಗಿದ್ದರೆ ಸಾಕು, ಮಳೆಯ ಲೆಕ್ಕದಲ್ಲಿ ಆಗಿರಬೇಕಾಗಿಲ್ಲ. ಗೊಬ್ಬರ ಹೆಚ್ಚಿಸಿದಂತೆ ಇಳುವರಿ ಒಂದು ಮಿತಿಯತ್ತ ಸಾಗಿ ನಿಲ್ಲುತ್ತದೆಂದು ಜರ್ಮನಿಯ ಮಿಟ್ಷರ್ಲಿಶ್ 1909ರಲ್ಲಿ ಕೊಟ್ಟ ಸೂತ್ರ ಈ ಗುಂಪಿಗೆ ಸೇರುವುದಿಲ್ಲ. ಅಲ್ಲಿ ಗೊತ್ತಿಲ್ಲದ ಗುಣಾಂಕವೇ ಘಾತದ ಜಾಗದಲ್ಲಿ ಕೂತಿದೆ.

ಕಲ್ಪನೆ: ಟಿ-ಪರೀಕ್ಷೆ, ಅನೋವಾ, ರಿಗ್ರೆಶನ್ ಮೂರೂ ಬೇರೆ ಬೇರೆ ವಿಷಯಗಳು

ಪಠ್ಯದಲ್ಲಿ ಮೂರು ಅಧ್ಯಾಯಗಳಾಗಿರುವುದರಿಂದ ಹಾಗೆ ಕಾಣುತ್ತದೆ. ಜಿಪಿಯು 28, ಎಂಎಲ್ 365 ಮೊದಲಾದ ರಾಗಿ ತಳಿಗಳನ್ನು ನಾಲ್ಕು ಬ್ಲಾಕುಗಳಲ್ಲಿ ಬಿತ್ತಿ ಹೋಲಿಸಿದ್ದೀರಿ ಎನ್ನಿ. ಪ್ರತಿ ಪಾತಿಯ ಇಳುವರಿ ಎಂದರೆ ಒಟ್ಟು ಸರಾಸರಿ, ಆ ಬ್ಲಾಕಿನ ಮಣ್ಣಿನಿಂದ ಬಂದ ಪಾಲು, ತಳಿಯಿಂದ ಬಂದ ಪಾಲು, ಜೊತೆಗೆ ದೋಷ. ಇದೇ ಲೀನಿಯರ್ ಮಾಡೆಲ್. ತಳಿ ಯಾವುದು, ಬ್ಲಾಕ್ ಯಾವುದು ಎಂಬುದನ್ನು ಸೊನ್ನೆ-ಒಂದುಗಳಲ್ಲಿ ಬರೆದುಕೊಂಡರೆ ಅನೋವಾ ಕೋಷ್ಟಕ ಕೊಡುವ ಉತ್ತರವನ್ನೇ ರಿಗ್ರೆಶನ್ನೂ ಕೊಡುತ್ತದೆ. ಎರಡೇ ತಳಿಗಳಿದ್ದು ಬ್ಲಾಕ್ ಇಲ್ಲದಿದ್ದರೆ ಅದೇ ಟಿ-ಪರೀಕ್ಷೆಯಾಗುತ್ತದೆ. ಈ ಒಂದು ನೋಟ ಸಿಕ್ಕಿದರೆ ಎಂ.ಎಸ್ಸಿ.ಯ ಅರ್ಧ ಕಂಠಪಾಠ ತಪ್ಪುತ್ತದೆ. ಮೊದಲ ವರ್ಷವೇ ಇದನ್ನು ಹೇಳಿಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಲ್ಪನೆ: ದತ್ತಾಂಶ ನಾರ್ಮಲ್ ಆಗಿರದಿದ್ದರೆ ಈ ವಿಧಾನ ಬಳಸುವಂತಿಲ್ಲ

ಪ್ರಬಂಧಗಳನ್ನು ಅತಿ ಹೆಚ್ಚು ಕೆಡಿಸುವ ಕಲ್ಪನೆ ಇದು. ಮಳೆಯ ಅಂಕಿಗಳ ಹಿಸ್ಟೋಗ್ರಾಂ ಬರೆದು, ಅದು ಗಂಟೆಯಾಕಾರದಲ್ಲಿಲ್ಲ ಎಂದು ಹೆದರಿ, ಅಂಕಿಗಳನ್ನೇ ಲಾಗರಿದಮಿಗೆ ತಿರುಗಿಸಿ, ಆಮೇಲೆ ಬಂದ ಗುಣಾಂಕಕ್ಕೆ ಅರ್ಥ ಹೇಳಲಾಗದೆ ಒದ್ದಾಡುವುದು ಸಾಮಾನ್ಯ.

ಮಳೆ ನಾರ್ಮಲ್ ಆಗಿರಬೇಕೆಂದು ಯಾರೂ ಕೇಳಿಲ್ಲ. ಇಳುವರಿಯೂ ಒಟ್ಟಾರೆಯಾಗಿ ನಾರ್ಮಲ್ ಆಗಿರಬೇಕಿಲ್ಲ. ಮಾತು ಇರುವುದೆಲ್ಲ ದೋಷದ ಬಗ್ಗೆ, ಅಂದರೆ ಮಾಡೆಲ್ ತನ್ನ ಪಾಲನ್ನು ವಿವರಿಸಿದ ಮೇಲೆ ಉಳಿದದ್ದರ ಬಗ್ಗೆ. ಅಲ್ಲೂ ಕನಿಷ್ಠ ವರ್ಗ ವಿಧಾನ ಒಳ್ಳೆಯ ಅಂದಾಜು ಕೊಡುವುದಕ್ಕೆ ನಾರ್ಮಲ್ ಬೇಡ. ಗೌಸ್-ಮಾರ್ಕೊವ್ ಪ್ರಮೇಯ ಕೇಳುವುದು ಮೂರೇ: ದೋಷಗಳ ಸರಾಸರಿ ಸೊನ್ನೆಯಿರಬೇಕು, ಅವುಗಳ ಏರಿಳಿತದ ಪ್ರಮಾಣ ಎಲ್ಲೆಡೆ ಒಂದೇ ಇರಬೇಕು, ಒಂದು ದೋಷಕ್ಕೂ ಇನ್ನೊಂದಕ್ಕೂ ಸಹಸಂಬಂಧ ಇರಬಾರದು. ಇಷ್ಟಿದ್ದರೆ, ಪಕ್ಷಪಾತವಿಲ್ಲದ ರೇಖೀಯ ಅಂದಾಜುಗಳಲ್ಲೆಲ್ಲ ಇದಕ್ಕಿಂತ ಕಡಿಮೆ ಏರಿಳಿತದ್ದು ಇನ್ನೊಂದಿಲ್ಲ. ನಾರ್ಮಲ್ ಎಂಬ ಊಹೆ ಬೇಕಾಗುವುದು ಚಿಕ್ಕ ಮಾದರಿಯಲ್ಲಿ ಟಿ, ಎಫ್ ಕೋಷ್ಟಕಗಳಿಂದ ನಿಖರ ತೀರ್ಪು ಕೊಡಬೇಕಾದಾಗ. ಅವಲೋಕನಗಳು ಸಾಕಷ್ಟಿದ್ದರೆ ಅಲ್ಲೂ ಅದರ ಬಿಗಿ ಸಡಿಲವಾಗುತ್ತದೆ.

ಗಮನ ಕೊಡಬೇಕಾದ್ದು ಕೊನೆಯ ಎರಡು ಷರತ್ತುಗಳಿಗೆ, ಅದರಲ್ಲೂ ಮೂರನೆಯದಕ್ಕೆ. ಅಕ್ಕಪಕ್ಕದ ಪಾತಿಗಳು ಒಂದೇ ಮಣ್ಣನ್ನು ಹಂಚಿಕೊಂಡಿರುತ್ತವೆ. ಈ ವರ್ಷದ ಇಳುವರಿಯ ಮೇಲೆ ಹೋದ ವರ್ಷದ ಬೆಳೆ ಬಿಟ್ಟುಹೋದ ತೇವದ ನೆರಳಿರುತ್ತದೆ. ಅಲ್ಲಿ ದೋಷಗಳು ಸ್ವತಂತ್ರವಲ್ಲ. ಅದನ್ನು ಪರೀಕ್ಷಿಸದೆ ನಾರ್ಮಲ್ ಪರೀಕ್ಷೆಯ ಪಿ-ಮೌಲ್ಯವನ್ನು ಪುಟಗಟ್ಟಲೆ ಅಚ್ಚು ಹಾಕಿದರೆ ಪ್ರಯೋಜನವಿಲ್ಲ.

ಕಲ್ಪನೆ: ಆರ್-ವರ್ಗ ಹೆಚ್ಚಿದ್ದರೆ ಮಾಡೆಲ್ ಸರಿ

ಹೊಸ ಚರಾಂಶವನ್ನು ಸೇರಿಸಿದಾಗಲೆಲ್ಲ ಆರ್-ವರ್ಗ ಏರುತ್ತದೆ ಇಲ್ಲವೇ ಇದ್ದಲ್ಲೇ ಇರುತ್ತದೆ, ಇಳಿಯುವುದೇ ಇಲ್ಲ. ಸೇರಿಸಿದ್ದು ಕಸವಾದರೂ ಸರಿ. 1973ರಲ್ಲಿ ಆನ್‌ಸ್ಕೂಂಬ್ ಎಂಬ ಸಂಖ್ಯಾಶಾಸ್ತ್ರಜ್ಞ ಹನ್ನೊಂದು ಹನ್ನೊಂದು ಚುಕ್ಕೆಗಳ ನಾಲ್ಕು ಗುಂಪುಗಳನ್ನು ಕಟ್ಟಿದ. ನಾಲ್ಕಕ್ಕೂ ಸಹಸಂಬಂಧ 0.816ರ ಆಸುಪಾಸು, ಗೆರೆಯ ಸಮೀಕರಣವೂ ಒಂದೇ. ಚಿತ್ರ ಬರೆದು ನೋಡಿದರೆ ಒಂದು ಮಾತ್ರ ಗೆರೆಗೆ ಒಗ್ಗುತ್ತದೆ. ಇನ್ನೊಂದು ಬಾಗಿದೆ, ಉಳಿದೆರಡನ್ನು ಒಂದೊಂದು ಒಂಟಿ ಚುಕ್ಕೆ ತನ್ನತ್ತ ಎಳೆದುಕೊಂಡಿದೆ. ಅಂಕಿ ನೋಡುವ ಮೊದಲು ಚಿತ್ರ ನೋಡಿ.

ಕಲ್ಪನೆ: ಈ ಕ್ಷೇತ್ರದಲ್ಲಿ ಮಾಡುವುದೆಲ್ಲ ಮುಗಿದಿದೆ

ಕನಿಷ್ಠ ವರ್ಗ ವಿಧಾನವನ್ನು ಲೆಜಾಂಡ್ರ್ ಪ್ರಕಟಿಸಿದ್ದು 1805ರಲ್ಲಿ. ಹಾಗಾಗಿ ಹಳತೆನ್ನಿಸುವುದು ಸಹಜ. ಆದರೆ ಈ ಕ್ಷೇತ್ರಕ್ಕೆ ಹೊಸ ತಿರುವು ಕೊಟ್ಟವರಲ್ಲಿ ಒಬ್ಬರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು. ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು, ತೆಲುಗು ಮನೆಮಾತಿನ ಕುಟುಂಬದಲ್ಲಿ. ಊರು ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಅವರ ‘ಲೀನಿಯರ್ ಸ್ಟ್ಯಾಟಿಸ್ಟಿಕಲ್ ಇನ್‌ಫರೆನ್ಸ್ ಅಂಡ್ ಇಟ್ಸ್ ಅಪ್ಲಿಕೇಶನ್ಸ್’ 1965ರಲ್ಲಿ ಬಂತು. ಬ್ಲಾಕ್-ತಳಿ ಮಾಡೆಲ್ಲನ್ನು ಮೇಲೆ ಬರೆದಂತೆ ಬರೆದರೆ ಗುಣಾಂಕಗಳು ಅಗತ್ಯಕ್ಕಿಂತ ಹೆಚ್ಚಾಗಿ, ವಿಲೋಮ ಇಲ್ಲದ ಮ್ಯಾಟ್ರಿಕ್ಸ್ ಎದುರಾಗುತ್ತದೆ. ಅಂಥ ಕಡೆಗೂ ಸಲ್ಲುವ ಸಾಮಾನ್ಯೀಕೃತ ವಿಲೋಮದ ಬಗ್ಗೆ ರಾವ್ ಅವರು ಎಸ್.ಕೆ. ಮಿತ್ರ ಅವರೊಡನೆ 1971ರಲ್ಲಿ ಪುಸ್ತಕ ತಂದರು. ದೋಷಗಳ ಮ್ಯಾಟ್ರಿಕ್ಸಿಗೂ ವಿಲೋಮ ಇಲ್ಲದಿದ್ದರೆ ಏನು ಮಾಡಬೇಕೆಂಬುದಕ್ಕೆ ರೇಖೀಯ ಅಂದಾಜಿನ ಏಕೀಕೃತ ಸಿದ್ಧಾಂತವನ್ನು ಮುಂದಿಟ್ಟರು. 2023ರಲ್ಲಿ, ನೂರೆರಡು ತುಂಬಿದ್ದ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಅವರ ನಂತರವೂ ದಾರಿ ಮುಚ್ಚಿಲ್ಲ. ಅವಲೋಕನಗಳು ನೂರಿದ್ದು ಚರಾಂಶಗಳು ಸಾವಿರವಿದ್ದರೆ ಸಾಧಾರಣ ಕನಿಷ್ಠ ವರ್ಗ ವಿಧಾನ ಒಂದೇ ಒಂದು ಉತ್ತರ ಕೊಡಲಾರದು. ತಳಿಯ ಜೀನುಗಳ ಅಧ್ಯಯನದಲ್ಲಿ ಇದು ನಿತ್ಯದ ಸಂಗತಿ. 1970ರ ರಿಡ್ಜ್, 1996ರ ಲಾಸೊ ವಿಧಾನಗಳು ಈ ಜಾಗದಲ್ಲಿ ನೆರವಾಗುತ್ತವೆ. ಲಾಸೊದಿಂದ ಚರಾಂಶ ಆರಿಸಿಕೊಂಡ ಮೇಲೆ ನಂಬಬಹುದಾದ ವಿಶ್ವಾಸಾಂತರ ಕೊಡುವುದು ಹೇಗೆಂಬುದರ ಮೇಲೆ ಈಗಲೂ ಸಂಶೋಧನೆ ನಡೆಯುತ್ತಿದೆ.

ಕಲ್ಪನೆ: ಲೀನಿಯರ್ ಮೋಟಾರ್ ಎಂದರೆ ತೇಲುವ ರೈಲು

ಜಪಾನಿನ ಮ್ಯಾಗ್ಲೆವ್ 2015ರ ಏಪ್ರಿಲ್‌ನಲ್ಲಿ ಗಂಟೆಗೆ 603 ಕಿ.ಮೀ. ಮುಟ್ಟಿದ ಸುದ್ದಿಯಿಂದ ಈ ಕಲ್ಪನೆ ಗಟ್ಟಿಯಾಯಿತು. ತೇಲಿಸುವುದು ಒಂದು ಕೆಲಸ, ಮುಂದಕ್ಕೆ ನೂಕುವುದು ಬೇರೆ ಕೆಲಸ. ಒಸಾಕಾದಲ್ಲಿ 1990ರಲ್ಲಿ, ಟೋಕಿಯೊದ ಓಎದೊ ಮಾರ್ಗದಲ್ಲಿ 1991ರಲ್ಲಿ ಓಡತೊಡಗಿದ ಸುರಂಗ ರೈಲುಗಳು ಮಾಮೂಲಿ ಉಕ್ಕಿನ ಗಾಲಿಗಳ ಮೇಲೆ, ಮಾಮೂಲಿ ಹಳಿಗಳ ಮೇಲೆಯೇ ಓಡುತ್ತವೆ. ನೂಕುವುದು ಮಾತ್ರ ಲೀನಿಯರ್ ಮೋಟಾರ್. ಚಪ್ಪಟೆ ಮೋಟಾರಾದ್ದರಿಂದ ಬೋಗಿಯ ನೆಲ ತಗ್ಗುತ್ತದೆ, ಸುರಂಗ ಕಿರಿದಾದರೂ ಸಾಕಾಗುತ್ತದೆ. ಹೊಸ ಆವಿಷ್ಕಾರವೂ ಅಲ್ಲ: ವೀಟ್‌ಸ್ಟೋನ್ 1840ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿ ನೋಡಿದ್ದ. ಇಪ್ಪತ್ತನೆಯ ಶತಮಾನದಲ್ಲಿ ಇದಕ್ಕೆ ಜೀವ ಕೊಟ್ಟ ಎರಿಕ್ ಲೇತ್‌ವೇಟ್ ಮ್ಯಾಂಚೆಸ್ಟರಿನಲ್ಲಿ ಮೊದಲು ಯೋಚಿಸಿದ್ದು ರೈಲಿನ ಬಗ್ಗೆ ಅಲ್ಲ, ಮಗ್ಗದ ಲಾಳಿಯನ್ನು ವಿದ್ಯುತ್ತಿನಿಂದ ಆಚೀಚೆ ಓಡಿಸುವ ಬಗ್ಗೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯಲ್ಲಿ ರೇಷ್ಮೆ ಸೀರೆ ನೇಯುವವರಿಗೆ ಆ ಸಮಸ್ಯೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಲ್ಪನೆ: ಸುತ್ತುವ ಮೋಟಾರನ್ನು ಸೀಳಿ ಹಾಸಿದರೆ ಲೀನಿಯರ್ ಮೋಟಾರ್, ಸೂತ್ರಗಳೂ ಅವೇ

ತರಗತಿಯಲ್ಲಿ ಮೊದಲ ದಿನ ಹೀಗೇ ಹೇಳಿಕೊಡುತ್ತಾರೆ, ಚಿತ್ರವೂ ಸರಿ. ತೊಂದರೆ ಎರಡನೆಯ ದಿನದಿಂದ.

ಮೊದಲು ವೇಗ. ಬೋರ್‌ವೆಲ್ ಪಂಪಿನ ಎರಡು ಪೋಲ್ ಮೋಟಾರಿಗೆ 50 ಹರ್ಟ್ಸ್‌ನಲ್ಲಿ ಸಿಂಕ್ರೊನಸ್ ವೇಗ ನಿಮಿಷಕ್ಕೆ 3000 ಸುತ್ತು, ನಾಲ್ಕು ಪೋಲಿನದಕ್ಕೆ 1500. ಪೋಲ್ ಹೆಚ್ಚಿದಂತೆ ವೇಗ ಇಳಿಯುತ್ತದೆ. ಲೀನಿಯರ್ ಮೋಟಾರಿನಲ್ಲಿ ಹಾಗಲ್ಲ. ಒಂದು ಪೋಲಿನ ಅಗಲದ ಎರಡರಷ್ಟನ್ನು ಆವರ್ತನಕ್ಕೆ ಗುಣಿಸಿದರೆ ವೇಗ ಬಂತು. ಅಗಲ 10 ಸೆಂ.ಮೀ. ಇದ್ದರೆ ಸೆಕೆಂಡಿಗೆ 10 ಮೀಟರ್, ಅಂದರೆ ಗಂಟೆಗೆ 36 ಕಿ.ಮೀ. ಪೋಲುಗಳು ನಾಲ್ಕಿರಲಿ, ಹತ್ತಿರಲಿ, ಅಷ್ಟೇ.

ಆಮೇಲೆ ಅಂಚು. ಸುತ್ತುವ ಯಂತ್ರದ ಕಾಂತಕ್ಷೇತ್ರಕ್ಕೆ ಆದಿ-ಅಂತ್ಯವಿಲ್ಲ. ಲೀನಿಯರ್ ಮೋಟಾರಿಗೆ ಮುಂದಿನ ಅಂಚೊಂದು, ಹಿಂದಿನ ಅಂಚೊಂದು. ಮುಂದಿನ ಅಂಚು ಪ್ರತಿ ಕ್ಷಣವೂ ಹೊಸ ನೆಲಕ್ಕಿಳಿಯುವ ನೇಗಿಲಿನಂತೆ, ಹಳಿಯುದ್ದಕ್ಕೂ ಹಾಸಿದ, ಕಾಂತಕ್ಷೇತ್ರವನ್ನೇ ಕಂಡಿರದ ಅಲ್ಯೂಮಿನಿಯಂ ಪಟ್ಟಿಯೊಳಕ್ಕೆ ನುಗ್ಗುತ್ತದೆ. ಆ ಪಟ್ಟಿಯಲ್ಲಿ ಹುಟ್ಟುವ ಎಡ್ಡಿ ಪ್ರವಾಹಗಳು ಬರುತ್ತಿರುವ ಕ್ಷೇತ್ರವನ್ನು ವಿರೋಧಿಸುತ್ತವೆ; ಮುಂಭಾಗದಲ್ಲಿ ಕ್ಷೇತ್ರ ಸೊರಗುತ್ತದೆ, ನೂಕುಬಲ ಕುಗ್ಗುತ್ತದೆ. ಹಿಂದಿನ ಅಂಚು ದಾಟಿದ ಮೇಲೂ ಪಟ್ಟಿಯಲ್ಲಿ ಪ್ರವಾಹ ಉಳಿದು ಬರಿದೇ ಶಾಖವಾಗುತ್ತದೆ. ವೇಗ ಹೆಚ್ಚಿದಷ್ಟೂ ಈ ನಷ್ಟ ಹೆಚ್ಚು. ಡಂಕನ್ 1983ರಲ್ಲಿ ಕೊಟ್ಟ ಸಮಾನ ಸರ್ಕ್ಯೂಟ್ ಇದನ್ನು ಲೆಕ್ಕಕ್ಕೆ ತರುವ ಹೆಸರಾಂತ ಪ್ರಯತ್ನ.

ಇಷ್ಟು ಸಾಲದೆಂಬಂತೆ ಏರ್‌ಗ್ಯಾಪ್. ಸಣ್ಣ ಸುತ್ತುವ ಮೋಟಾರಿನಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಇರುವ ಈ ಸಂದು, ಹಳಿಯ ಮೇಲಿನ ಲೀನಿಯರ್ ಮೋಟಾರಿನಲ್ಲಿ ಹತ್ತು ಮಿಲಿಮೀಟರಿನ ಆಸುಪಾಸು. ಆದ್ದರಿಂದ ಪವರ್ ಫ್ಯಾಕ್ಟರ್ ಕೆಳಗಿಳಿಯುತ್ತದೆ. ಎರಡು ತುದಿಗಳಿರುವ ಕಾರಣ ಮೂರು ಫೇಸುಗಳ ಪ್ರವಾಹವೂ ಸಮನಾಗಿರುವುದಿಲ್ಲ. ಒಂದೇ ಬದಿಯ ಮೋಟಾರಾದರೆ ಮುಂದಕ್ಕೆ ನೂಕುವ ಬಲದ ಜೊತೆಗೆ ಲಂಬವಾದ ಬಲವೊಂದೂ ಹುಟ್ಟಿ ಬೇರಿಂಗುಗಳ ಮೇಲೆ ಬೀಳುತ್ತದೆ. ಸುತ್ತುವ ಯಂತ್ರದಲ್ಲಿ ಇದು ಎಲ್ಲ ದಿಕ್ಕಿಗೂ ಹಂಚಿಹೋಗಿ ರದ್ದಾಗುತ್ತಿತ್ತು. ಸೀಳಿ ಹಾಸಿದ್ದಕ್ಕೆ ತೆತ್ತ ಬೆಲೆ ಇದು. ಸಂಶೋಧನೆಗೆ ತೆರೆದ ಬಾಗಿಲೂ ಇದೇ.

ಕಲ್ಪನೆ: ಇದಕ್ಕೆಲ್ಲ ಕೋಟಿಗಟ್ಟಲೆ ಬೆಲೆಯ ಪ್ರಯೋಗಾಲಯ ಬೇಕು

ಉದ್ದನೆಯ ಹಳಿಯೇ ಬೇಡ. ದೊಡ್ಡ ಚಕ್ರದ ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಸುತ್ತಿ, ಅದರ ಪಕ್ಕದಲ್ಲಿ ಬಾಗಿಸಿದ ಪ್ರೈಮರಿಯನ್ನು (ಸುರುಳಿಗಳಿರುವ ಭಾಗವನ್ನು) ಅಲುಗದಂತೆ ಕೂರಿಸಿದರೆ ಚಕ್ರವೇ ಕೊನೆಯಿಲ್ಲದ ಹಳಿ. ಪ್ರೈಮರಿಗೆ ಎರಡು ತುದಿಗಳು ಇದ್ದೇ ಇರುವುದರಿಂದ ಅಂಚಿನ ಪರಿಣಾಮವೂ ಉಳಿಯುತ್ತದೆ. ಹೆಸರಾಂತ ಪ್ರಯೋಗಾಲಯಗಳೂ ಬಳಸುವ ಉಪಾಯ ಇದು. ಸ್ಲಾಟುಗಳಿಗೆ ಸುರುಳಿ ಕೂರಿಸುವ ಕೈಚಳಕ ನಮ್ಮ ರಿವೈಂಡಿಂಗ್ ಅಂಗಡಿಗಳಲ್ಲಿ ಇದೆ. ಮೂರು ಫೇಸಿನ ವೇರಿಯಾಕ್ ಕಾಲೇಜಿನ ಲ್ಯಾಬಿನಲ್ಲಿ ಸಿಗುತ್ತದೆ. ಬಲ ಅಳೆಯಲು ಲೋಡ್‌ಸೆಲ್ ಸಾಕು. ಸಂಖ್ಯಾಶಾಸ್ತ್ರದ ಕಡೆಗಂತೂ ‘ಆರ್’ ತಂತ್ರಾಂಶ ಉಚಿತ.

ಕಲ್ಪನೆ: ಎರಡು ವಿಷಯಗಳಿಗೂ ಸಂಬಂಧವಿಲ್ಲ

ಮೆಷಿನ್ ಟೂಲ್‌ಗಳಲ್ಲಿ ಬಾಲ್‌ಸ್ಕ್ರೂ ಬದಲಿಗೆ ಬಳಸುವ, ಶಾಶ್ವತ ಕಾಂತಗಳ ಲೀನಿಯರ್ ಮೋಟಾರನ್ನು ನೋಡಿ. ಮೇಜು ಜರುಗಿದಂತೆ ಕಾಂತಗಳಿಗೂ ಕಬ್ಬಿಣದ ಹಲ್ಲುಗಳಿಗೂ ನಡುವಿನ ಸೆಳೆತ ಏರಿಳಿದು ಬಲ ತಡವರಿಸುತ್ತದೆ. ಇದನ್ನು ಕಾಗಿಂಗ್ ಎನ್ನುತ್ತಾರೆ. ಒಟ್ಟು ಬಲವನ್ನು ಹೀಗೆ ಬಿಡಿಸಬಹುದು: ರಾಶಿ ಗುಣಿಸು ವೇಗೋತ್ಕರ್ಷ, ವೇಗಕ್ಕೆ ತಕ್ಕ ಘರ್ಷಣೆ, ದಿಕ್ಕು ಬದಲಾದರೆ ಚಿಹ್ನೆ ಬದಲಿಸುವ ಒಣ ಘರ್ಷಣೆ, ಜಾಗಕ್ಕೆ ತಕ್ಕಂತೆ ಏರಿಳಿಯುವ ಸೈನ್, ಕೊಸೈನ್ ಪದಗಳು. ಮೋಟಾರಿನ ನಡತೆ ಒಟ್ಟಾರೆಯಾಗಿ ರೇಖೀಯವಲ್ಲ. ಆದರೆ ಕಾಂತಗಳ ಅಂತರ ಗೊತ್ತಿರುವುದರಿಂದ ಸೈನ್‌ಗಳ ಆವರ್ತನವೂ ಗೊತ್ತು. ಕಂಡುಹಿಡಿಯಬೇಕಾದ್ದು ಪ್ರತಿ ಪದದ ಗುಣಾಂಕವನ್ನಷ್ಟೇ. ರಾಗಿ ಹೊಲದಲ್ಲಿ ಬರೆದ ಅದೇ ಬಗೆಯ ಮಾಡೆಲ್ ಇಲ್ಲಿಗೂ ಬಂತು.

ಷರತ್ತುಗಳೂ ಜೊತೆಗೇ ಬಂದವು. ಸೆಕೆಂಡಿಗೆ ಸಾವಿರ ಸಲ ಬಲ ಅಳೆದರೆ ಹತ್ತು ಸೆಕೆಂಡಿಗೆ ಹತ್ತು ಸಾವಿರ ಅಂಕಿ ಸಿಗುತ್ತವೆ, ಆದರೆ ಒಂದು ಮಿಲಿಸೆಕೆಂಡಿನ ದೋಷ ಮುಂದಿನದಕ್ಕೂ ಅಂಟಿಕೊಂಡಿರುತ್ತದೆ. ಪಕ್ಕಪಕ್ಕದ ದೋಷಗಳ ಸಹಸಂಬಂಧ 0.9 ಇದ್ದು ಮುಂದೆ ಹೋದಂತೆ ಅದೇ ಪ್ರಮಾಣದಲ್ಲಿ ಕರಗುತ್ತ ಹೋಗುತ್ತದೆ ಎನ್ನಿ. ಆಗ ಸರಾಸರಿ ಬಲದ ಅಂದಾಜಿಗೆ ಆ ಹತ್ತು ಸಾವಿರ ಅಂಕಿಗಳ ತೂಕ ಸ್ವತಂತ್ರವಾದ ಸುಮಾರು 526 ಅಂಕಿಗಳಿಗೆ ಸಮ. ಮಾಮೂಲಿ ಸೂತ್ರ ಕೊಡುವ ಪ್ರಮಾಣಿತ ದೋಷ ನಿಜವಾದದ್ದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಚಿಕ್ಕದಾಗಿರುತ್ತದೆ. ಏಟ್ಕೆನ್ 1935ರಲ್ಲೇ ಕೊಟ್ಟ ಸಾಮಾನ್ಯೀಕೃತ ಕನಿಷ್ಠ ವರ್ಗ ವಿಧಾನ ಇರುವುದು ಇಂಥ ದತ್ತಾಂಶಕ್ಕೆ. ಸಂಖ್ಯಾಶಾಸ್ತ್ರ ಓದುವವರೂ ಎಲೆಕ್ಟ್ರಿಕಲ್ ಓದುವವರೂ ಒಂದೇ ಮೇಜಿಗೆ ಕೂತು, ಒಂದೇ ಮೋಟಾರಿನ ಅಂಕಿಗಳ ಮೇಲೆ ಎರಡೂ ಲೆಕ್ಕ ಮಾಡಿ, ಎರಡೂ ಪ್ರಮಾಣಿತ ದೋಷಗಳನ್ನು ಪಕ್ಕಪಕ್ಕದಲ್ಲಿ ಅಚ್ಚು ಹಾಕಿದ ಪ್ರಬಂಧವೊಂದು ತುಮಕೂರಿನಿಂದ ಬರಲಿ ಎಂಬುದು ನನ್ನ ಆಸೆ.