ವಾರ್ಡ್ ಚುನಾವಣೆಗೆ ನಿಲ್ಲುವವರಿಗೂ ಮತ ಹಾಕುವವರಿಗೂ: ಅಮಾನತ್ತಿನ ಲೆಕ್ಕ

ಪಾಲಿಕೆ ಚುನಾವಣೆಯ ಮಾತು ಎದ್ದಾಗಿನಿಂದ ಜುಮಾ ನಮಾಝಿನ ಬಳಿಕ ನಮ್ಮ ಬಳಿ ಬರುವ ಪ್ರಶ್ನೆಗಳೂ ಬದಲಾಗಿವೆ. ನಿಕಾಹ್, ಝಕಾತ್, ಆಸ್ತಿ ಹಂಚಿಕೆಯ ಜೊತೆಗೆ ಈಗ ಯುವಕರು ಇನ್ನೊಂದನ್ನು ಕೇಳುತ್ತಿದ್ದಾರೆ: "ಹಝ್ರತ್, ವಾರ್ಡ್ ಚುನಾವಣೆಗೆ ನಿಲ್ಲಬಹುದೇ? ಅಧಿಕಾರವನ್ನು ಕೇಳಿ ಪಡೆಯಬಾರದು ಎಂದು ಹದೀಸ್‌ನಲ್ಲಿ ಇದೆಯಲ್ಲ?" ಹಿರಿಯರಲ್ಲಿ ಕೆಲವರ ಪ್ರಶ್ನೆ ಬೇರೆ: "ನಮ್ಮವರೊಬ್ಬರು ನಿಂತರೆ ಮಸೀದಿಯಿಂದ ಒಂದು ಮಾತು ಹೇಳಬಹುದೇ?" ಈ ಎರಡಕ್ಕೂ ಉತ್ತರವಾಗಿ ಜುಮಾ ಬಯಾನ್‌ಗಳಲ್ಲಿ ಹೇಳಿದ್ದನ್ನು, ಕಾನೂನಿನ ಮಾಹಿತಿ ಸೇರಿಸಿ, ಇಲ್ಲಿ ಬರೆಯುತ್ತಿದ್ದೇವೆ.

ವಾರ್ಡು ಚಿಕ್ಕದಾಗಿದೆ, ಹೊಣೆ ಚಿಕ್ಕದಾಗಿಲ್ಲ

ಬೆಂಗಳೂರಿನಲ್ಲಿ ಬಿಬಿಎಂಪಿಗೆ ಚುನಾವಣೆ ನಡೆದದ್ದು ಎರಡೇ ಬಾರಿ, 2010ರಲ್ಲಿ ಮತ್ತು 2015ರಲ್ಲಿ. ಆಗ ಇದ್ದದ್ದು 198 ವಾರ್ಡು. ನಮ್ಮ ಕುಮಾರಸ್ವಾಮಿ ಲೇಔಟ್ ಪದ್ಮನಾಭನಗರ ಕ್ಷೇತ್ರದೊಳಗೆ 181ನೇ ವಾರ್ಡು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅಲ್ಲಿಂದ ಐದು ವರ್ಷಕ್ಕೂ ಮೀರಿ ಆಡಳಿತಾಧಿಕಾರಿಗಳ ಕೈಯಲ್ಲೇ ನಗರ ನಡೆದಿದೆ. ಬೀದಿದೀಪ ಕೆಟ್ಟರೆ, ಚರಂಡಿ ಕಟ್ಟಿಕೊಂಡರೆ ಯಾರ ಮನೆಯ ಬಾಗಿಲು ತಟ್ಟಬೇಕೆಂದು ತಿಳಿಯದ ಸ್ಥಿತಿಯನ್ನು ನಾವೆಲ್ಲರೂ ಅನುಭವಿಸಿದ್ದೇವೆ.

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು: ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ. ಐದಕ್ಕೂ ಸೇರಿ 369 ವಾರ್ಡು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಆ ಲೆಕ್ಕದಲ್ಲಿ ಹಿಂದೆ ಒಂದು ವಾರ್ಡಿಗೆ ಸರಾಸರಿ 42 ಸಾವಿರ ಜನ ಬರುತ್ತಿದ್ದರೆ, ಈಗ 23 ಸಾವಿರ ಬರುತ್ತಾರೆ. ಅಂದರೆ ಕೆಲವು ನೂರು ಮತ ಗೆಲುವನ್ನು ತೀರ್ಮಾನಿಸಬಹುದು. ಹಣವಿಲ್ಲದಿದ್ದರೂ ಬೀದಿ ಬೀದಿಯಲ್ಲಿ ಪರಿಚಯವಿರುವ ಒಬ್ಬ ಶಿಕ್ಷಕ, ಒಬ್ಬ ಅಂಗಡಿಯವನು, ಒಬ್ಬ ಗೃಹಿಣಿ ನಿಲ್ಲುವ ಧೈರ್ಯ ಮಾಡಬಹುದು.

ಬೇಡವೆಂದ ಹದೀಸ್, ಕೇಳಿದ ಪ್ರವಾದಿ

ಪ್ರವಾದಿ(ಸ)ರವರು ಹಝ್ರತ್ ಅಬ್ದುರ್‍ರಹ್ಮಾನ್ ಬಿನ್ ಸಮುರಾ(ರ)ರಿಗೆ ಅಧಿಕಾರವನ್ನು ಕೇಳಬೇಡಿ ಎಂದು ಉಪದೇಶಿಸಿದರು. ಕೇಳಿ ಪಡೆದರೆ ಅದರ ಭಾರ ನಿಮ್ಮ ಮೇಲೇ ಬೀಳುತ್ತದೆ, ಕೇಳದೆ ಬಂದರೆ ಅಲ್ಲಾಹನ ಸಹಾಯವಿರುತ್ತದೆ ಎಂಬುದು ಅದರ ಸಾರ. ಬುಖಾರಿ, ಮುಸ್ಲಿಂ ಎರಡರಲ್ಲೂ ಇದು ಇದೆ. ಹಝ್ರತ್ ಅಬೂ ಝರ್(ರ)ರಂತಹ ಶ್ರೇಷ್ಠ ಸಹಾಬಿ ಹೊಣೆ ಕೇಳಿದಾಗಲೂ, ಇದೊಂದು ಅಮಾನತ್, ಹಕ್ಕು ಸಲ್ಲಿಸದವನಿಗೆ ಕಿಯಾಮತ್ತಿನ ದಿನ ಪಶ್ಚಾತ್ತಾಪ ಎಂದು ಪ್ರವಾದಿ(ಸ) ಎಚ್ಚರಿಸಿದರು. ಅಬೂ ಝರ್(ರ)ರ ತಖ್ವಾದಲ್ಲಿ ಕೊರತೆ ಇರಲಿಲ್ಲ. ಆದರೆ ಆ ಕೆಲಸಕ್ಕೆ ಬೇಕಾದ ಶಕ್ತಿಯೇ ಬೇರೆ.

ಇನ್ನೊಂದು ಕಡೆ ಸೂರಃ ಯೂಸುಫ್‌ನ 55ನೇ ವಚನ ನೋಡಿ. ಈಜಿಪ್ಟಿನ ದೊರೆಯ ಮುಂದೆ ಹಝ್ರತ್ ಯೂಸುಫ್(ಅ) ನಾಡಿನ ಭಂಡಾರಗಳ ಹೊಣೆಯನ್ನು ತಾವಾಗಿಯೇ ಕೇಳಿದರು. ಕಾರಣವನ್ನೂ ಕೊಟ್ಟರು: ತಾವು ಕಾಯುವವರು, ತಿಳಿದವರು. ಬರಗಾಲ ಬರಲಿದೆ ಎಂಬುದು ಅವರಿಗೆ ಗೊತ್ತಿತ್ತು. ಜನರ ಅನ್ನದ ಪ್ರಶ್ನೆ ಎದುರಿಗಿತ್ತು.

ಉಲಮಾಗಳು ಇವೆರಡನ್ನೂ ಸೇರಿಸಿಯೇ ಅರ್ಥ ಮಾಡಿಕೊಂಡಿದ್ದಾರೆ. ಹೆಸರಿಗಾಗಿ, ಸಂಪಾದನೆಗಾಗಿ, ಮೆರೆಯುವುದಕ್ಕಾಗಿ ಕೇಳುವವನಿಗೆ ತಡೆಯಿದೆ. ಅರ್ಹತೆ ಇದ್ದು, ತಾನು ಹಿಂದೆ ಸರಿದರೆ ಜನರ ಹಕ್ಕು ಹಾಳಾಗುತ್ತದೆ ಎಂಬ ಸ್ಥಿತಿಯಲ್ಲಿ ಮುಂದೆ ಬರುವವನಿಗೆ ಅನುಮತಿಯಿದೆ. ಆದ್ದರಿಂದ ನಿಲ್ಲಬಹುದೇ ಎಂದು ಕೇಳುವವರು ಮೊದಲು ತಮ್ಮನ್ನೇ ಕೇಳಿಕೊಳ್ಳಲಿ: ಸೋತರೂ ಈ ಬೀದಿಯ ಕೆಲಸಕ್ಕೆ ನಾನು ಬರುತ್ತೇನೆಯೇ? ಇದಕ್ಕೆ ಪ್ರಾಮಾಣಿಕವಾಗಿ ಹೌದು ಎನ್ನಬಲ್ಲವರು ಹಿರಿಯರೊಡನೆ ಮಶ್ವರಾ ಮಾಡಲಿ, ಇಸ್ತಿಖಾರಾ ಮಾಡಲಿ, ಮುಂದಡಿ ಇಡಲಿ.

ತಿಳಿದವರು ಎಂದರೆ ಏನು ತಿಳಿದಿರಬೇಕು?

ವಾರ್ಡಿನ ರಸ್ತೆ, ಚರಂಡಿ, ಬೀದಿದೀಪ, ಕಸ, ಉದ್ಯಾನ ಇವು ಪಾಲಿಕೆಯ ಕೆಲಸ. ಕಾವೇರಿ ನೀರು ಮತ್ತು ಒಳಚರಂಡಿ ಜಲಮಂಡಳಿಯದು, ಕರೆಂಟು ಬೆಸ್ಕಾಂನದು, ಪಡಿತರ ಚೀಟಿ ಆಹಾರ ಇಲಾಖೆಯದು. ಎಲ್ಲವನ್ನೂ ಮಾಡಿಸುತ್ತೇನೆ ಎಂದು ಮಾತು ಕೊಡುವ ಅಭ್ಯರ್ಥಿ ತನ್ನ ಕೈಯಲ್ಲಿ ಇಲ್ಲದ್ದನ್ನು ಮಾರುತ್ತಿದ್ದಾನೆ. ಬೇರೆ ಇಲಾಖೆಯ ಕೆಲಸಕ್ಕೆ ಜನರೊಡನೆ ಹೋಗಿ ಒತ್ತಾಯಿಸುತ್ತೇನೆ ಎನ್ನುವುದು ಸತ್ಯವಾದ ಮಾತು.

ವಾರ್ಡ್ ಸಮಿತಿಯನ್ನೂ ಮರೆಯಬಾರದು. ಸದಸ್ಯನೊಬ್ಬನೇ ತೀರ್ಮಾನಿಸದೆ ವಾರ್ಡಿನ ನಿವಾಸಿಗಳನ್ನು ಕೂರಿಸಿಕೊಂಡು ಕೆಲಸ ಯಾವುದು ಮೊದಲು ಎಂದು ಚರ್ಚಿಸುವುದಕ್ಕೆ ಕಾನೂನೇ ಮಾಡಿಕೊಟ್ಟಿರುವ ವ್ಯವಸ್ಥೆ ಅದು. ಶೂರಾ ಎಂದು ನಾವು ಹೇಳುವುದಕ್ಕೆ ಹತ್ತಿರವಾದದ್ದು. ಚುನಾವಣೆಗೆ ನಿಲ್ಲಲಾಗದವರಿಗೂ ಸೇವೆಗೆ ಅಲ್ಲಿ ಜಾಗವಿದೆ.

ಕಾನೂನು ಕೇಳುವುದು

ಈ ಚುನಾವಣೆಯನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅಭ್ಯರ್ಥಿಗೆ 21 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರವನ್ನು ಅಫಿಡವಿಟ್‌ನಲ್ಲಿ ಕೊಡಬೇಕು. ಅದರಲ್ಲಿ ಸುಳ್ಳು ಬರೆಯುವುದು ಕಾನೂನಿಗೆ ಅಪರಾಧ, ದೀನಿಗೆ ಸುಳ್ಳು ಸಾಕ್ಷ್ಯ. ಪಾಲಿಕೆಗೆ ಕೊಡಬೇಕಾದ ತೆರಿಗೆ ಬಾಕಿಯನ್ನು ಮೊದಲೇ ತೀರಿಸಿ. ಪಾಲಿಕೆಯ ಗುತ್ತಿಗೆಯಲ್ಲಿ ಪಾಲು ಇರುವವರು ವಕೀಲರನ್ನು ಕೇಳದೆ ನಾಮಪತ್ರ ಹಾಕಬೇಡಿ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಮೀಸಲು ಸ್ಥಾನಗಳಿವೆ. ಒಟ್ಟು ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ. ಇಲ್ಲಿ ಒಂದು ಮಾತು ಕಟುವಾಗಿಯೇ ಹೇಳಬೇಕು. ಪತ್ನಿಯ ಹೆಸರಿನಲ್ಲಿ ನಾಮಪತ್ರ ಹಾಕಿಸಿ, ಗೆದ್ದ ಮೇಲೆ ಸಭೆಗೂ ಕಚೇರಿಗೂ ಪತಿಯೇ ಹೋಗುವುದು ಅಮಾನತ್ತಿನಲ್ಲಿ ಖಿಯಾನತ್. ಜನ ಮತ ಕೊಟ್ಟದ್ದು ಆಕೆಗೆ. ಹಝ್ರತ್ ಉಮರ್(ರ) ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಸಹಾಬಿಯಾ ಅವರಿಗೆ ಮದೀನದ ಮಾರುಕಟ್ಟೆಯ ಕೆಲವು ಕೆಲಸ ವಹಿಸಿದ್ದರೆಂದು ಚರಿತ್ರಕಾರರು ಬರೆದಿದ್ದಾರೆ. ನಮ್ಮ ಮನೆಗಳಲ್ಲಿ ಓದಿದ, ಲೆಕ್ಕ ಬಲ್ಲ ಹೆಣ್ಣುಮಕ್ಕಳಿದ್ದಾರೆ. ಅವರು ನಿಲ್ಲುವುದಾದರೆ ಕೆಲಸವನ್ನೂ ಅವರೇ ಮಾಡಲಿ.

ಮಿಂಬರಿನಿಂದ ಹೆಸರು ಬರುವುದಿಲ್ಲ

ಎರಡನೇ ಪ್ರಶ್ನೆಗೆ ನಮ್ಮ ಉತ್ತರ ಸ್ಪಷ್ಟ: ಇಲ್ಲ. 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆಯ ಪ್ರಕಾರ ಮಸೀದಿ, ದೇವಸ್ಥಾನ, ಚರ್ಚ್, ಗುರುದ್ವಾರ ಯಾವುದರ ಆವರಣವನ್ನೂ ರಾಜಕೀಯ ಚಟುವಟಿಕೆಗೆ ಬಳಸುವಂತಿಲ್ಲ. ತಪ್ಪಿದರೆ ಐದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ಧರ್ಮದ ಹೆಸರಿನಲ್ಲಿ ಮತ ಕೇಳುವುದು ಚುನಾವಣಾ ಭ್ರಷ್ಟಾಚಾರ, ಅಭ್ಯರ್ಥಿಯ ಧರ್ಮವಿರಲಿ ಮತದಾರನ ಧರ್ಮವಿರಲಿ, ಎಂದು ಪ್ರಜಾಪ್ರತಿನಿಧಿತ್ವ ಕಾಯ್ದೆಯನ್ನು ವಿವರಿಸುತ್ತಾ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದ ತೀರ್ಪು ಕೊಟ್ಟಿತು.

ಕಾನೂನು ಇಲ್ಲದಿದ್ದರೂ ನಮ್ಮ ಉತ್ತರ ಇದೇ ಆಗಿರುತ್ತಿತ್ತು. ಇಲಿಯಾಸ್ ನಗರವಿರಲಿ, ಯಾರಬ್ ನಗರವಿರಲಿ, ಒಂದೇ ಸಫ್ಫಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವವರಲ್ಲಿ ಬೇರೆ ಬೇರೆ ಪಕ್ಷದವರಿದ್ದಾರೆ. ಮಿಂಬರ್ ಒಬ್ಬರ ಪರ ನಿಂತರೆ ಇನ್ನೊಬ್ಬರು ಆ ಸಫ್ಫಿನಿಂದ ಹೊರಗಾಗುತ್ತಾರೆ. ಜೊತೆಗೆ, ವಾರ್ಡಿನ ಸದಸ್ಯ ನಮ್ಮ ಜಮಾಅತ್ತಿಗೆ ಮಾತ್ರ ಸದಸ್ಯನಲ್ಲ. ಪಕ್ಕದ ಬೀದಿಯ ಹೂವಿನಮ್ಮನಿಗೂ, ಹಾಸ್ಟೆಲಿನ ವಿದ್ಯಾರ್ಥಿಗೂ, ಪೌರಕಾರ್ಮಿಕರಿಗೂ ಅವನೇ ಸದಸ್ಯ. ಯಾರ ಮೇಲಿನ ದ್ವೇಷವೂ ನ್ಯಾಯದಿಂದ ನಿಮ್ಮನ್ನು ಸರಿಸದಿರಲಿ ಎಂಬ ಸೂರಃ ಮಾಇದಃದ 8ನೇ ವಚನದ ಆದೇಶ ಚರಂಡಿ ಕೆಲಸಕ್ಕೂ ಅನ್ವಯಿಸುತ್ತದೆ.

ಮಸೀದಿ ಮಾಡಬಹುದಾದದ್ದು ಬೇರೆ ಇದೆ. 18 ತುಂಬಿದ ಮಕ್ಕಳ ಹೆಸರು ಪಟ್ಟಿಗೆ ಸೇರಿಸಿ ಎಂದು ನೆನಪಿಸುವುದು, ಮನೆ ಬದಲಿಸಿದವರು ವಿಳಾಸ ಸರಿಪಡಿಸಿಕೊಳ್ಳಿ ಎಂದು ಹೇಳುವುದು. ಹೊಸ ಹೆಸರಿಗೆ ನಮೂನೆ 6, ತಿದ್ದುಪಡಿಗೆ ನಮೂನೆ 8.

ಮತ ಒಂದು ಸಾಕ್ಷ್ಯ

ಮತ ಹಾಕುವುದು ಈ ವ್ಯಕ್ತಿ ಯೋಗ್ಯನೆಂದು ಸಾಕ್ಷ್ಯ ನುಡಿದಂತೆ ಎಂದು ಉಲಮಾಗಳು ವಿವರಿಸಿದ್ದಾರೆ. ತನ್ನ ವಿರುದ್ಧವಾದರೂ, ಹೆತ್ತವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಸೂರಃ ನಿಸಾಅ್‌ನ 135ನೇ ವಚನ ಆದೇಶಿಸುತ್ತದೆ. ಹಾಗಿರುವಾಗ ಒಂದು ಕುಕ್ಕರಿಗೆ, ಒಂದು ಸೀರೆಗೆ, ಎರಡು ಸಾವಿರ ರೂಪಾಯಿಗೆ ಸಾಕ್ಷ್ಯ ಮಾರಿದರೆ ಏನೆನ್ನಬೇಕು? ಲಂಚ ಕೊಡುವವನನ್ನೂ ತೆಗೆದುಕೊಳ್ಳುವವನನ್ನೂ ಪ್ರವಾದಿ(ಸ) ಶಪಿಸಿದ್ದಾರೆ. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಮಿನಲ್ಲೂ ಕೊಡುವವರು, ಪಡೆಯುವವರು ಇಬ್ಬರೂ ತಪ್ಪಿತಸ್ಥರು. ಬಡತನವಿದೆ, ನಮಗೆ ಗೊತ್ತು. ಆದರೆ ಇಂದು ಎರಡು ಸಾವಿರ ಕೊಟ್ಟವನು ನಾಳೆ ಅದನ್ನು ನಿಮ್ಮ ರಸ್ತೆಯ ಜಲ್ಲಿಯಿಂದಲೇ ಎತ್ತಿಕೊಳ್ಳುತ್ತಾನೆ.

ಗೆದ್ದವರಿಗೂ ಒಂದು ಮಾತು. ಝಕಾತ್ ವಸೂಲಿಗೆ ಹೋದವರೊಬ್ಬರು ಮರಳಿ ಬಂದು, ಇದು ನಿಮಗೆ, ಇದು ನನಗೆ ಸಿಕ್ಕ ಉಡುಗೊರೆ ಎಂದಾಗ, ಹೆತ್ತವರ ಮನೆಯಲ್ಲಿ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರವಾದಿ(ಸ) ಪ್ರಶ್ನಿಸಿದರು. ಗುತ್ತಿಗೆದಾರ ಮನೆಗೆ ಕಳಿಸುವ ಮಿಠಾಯಿ ಡಬ್ಬಕ್ಕೂ ಈ ಪ್ರಶ್ನೆ ಸಲ್ಲುತ್ತದೆ.

ಚುನಾವಣೆ ಒಂದು ದಿನದ್ದು, ನೆರೆಹೊರೆ ಬಾಳಿನುದ್ದದ್ದು. ಎದುರಾಳಿಯ ಮನೆಯ ವಲೀಮಾಗೆ ಹೋಗುವುದನ್ನು, ಜನಾಝಾಕ್ಕೆ ಹೆಗಲು ಕೊಡುವುದನ್ನು ಮತ ಎಣಿಕೆ ನಿಲ್ಲಿಸದಿರಲಿ. ಅಲ್ಲಾಹನು ನಮ್ಮ ಊರಿನ ಹೊಣೆಯನ್ನು ಅದನ್ನು ಹೊರಬಲ್ಲವರ ಕೈಗೆ ಒಪ್ಪಿಸಲಿ, ಅದನ್ನು ಹೊತ್ತವರಿಗೆ ಭಯಭಕ್ತಿಯನ್ನು ದಯಪಾಲಿಸಲಿ. ಆಮೀನ್.