ಮುದಿ ಲಾರಿಗೆ ಬದಲಿ ಎಂಜಿನು

ಹಾಸನದ ಸೀಮೆಯಲ್ಲಿ ಆಲೂಗೆಡ್ಡೆ ಬೆಳೆಯುವ ಗೃಹಸ್ಥನಿಗೆ ಲಾರಿಯು ಯಾವಾಗ ಕೆಟ್ಟರೂ ಕಷ್ಟವೇ. ಅಗೆತದ ಕಾಲದಲ್ಲಿ ಕೆಟ್ಟರೆ ಕಷ್ಟದೊಡನೆ ನಷ್ಟವೂ ಉಂಟು. ಮುಂಗಾರಿನಲ್ಲಿ ನೆಟ್ಟ ಗೆಡ್ಡೆಯನ್ನು ಮಳೆ ಪೂರ್ತಿ ನಿಲ್ಲುವ ಮುನ್ನವೇ ಅಗೆಯಬೇಕು. ಒದ್ದೆಯಾದ ಗೆಡ್ಡೆಯು ರಾಶಿಯಲ್ಲಿ ಬಹಳ ದಿನ ಕಾಯದು. ಹೇಮಾವತಿಯ ದಂಡೆಯ ಗೊರೂರಿನಿಂದ ಹಾಸನದ ಮಂಡಿಯು ದೂರವೇನೂ ಅಲ್ಲ. ಆದರೆ ಎಂಜಿನು ಸತ್ತ ಲಾರಿಗೆ ಅಷ್ಟು ದಾರಿಯೂ ಕಾಶೀಯಾತ್ರೆಯೇ ಸರಿ. ಸಾಲಮಾಡಿ ಹೊಸ ಲಾರಿಯನ್ನು ಕೊಳ್ಳುವುದೇ, ಹಳೆಯದನ್ನು ಗುಜರಿಗೆ ಹಾಕುವುದೇ, ಇಲ್ಲವೇ ಬೇರೊಂದು ಎಂಜಿನನ್ನು ತಂದು ಅಂಗಳದಲ್ಲಿಯೇ ಕೂರಿಸುವುದೇ ಎಂಬ ಪ್ರಶ್ನೆಯು ಆಗ ಮನೆಯವರೆಲ್ಲರ ಮುಂದೆ ಬರುತ್ತದೆ. ಮೂರನೆಯದು ಸಾಧ್ಯವಾದ ಕೆಲಸವೇ. ಆದರೆ ಅದರ ಕಷ್ಟವು ಜನರು ಭಾವಿಸುವ ಕಡೆ ಇಲ್ಲವೆಂಬುದನ್ನು ಇಲ್ಲಿ ಹೇಳಲಪೇಕ್ಷಿಸುತ್ತೇವೆ.

ನಮ್ಮ ನಾಡಿನಲ್ಲಿ ಇಂತಹ ಸಾಹಸಗಳಿಗೆ ಪೂರ್ವಚರಿತ್ರೆಯೊಂದುಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಮೋಟಾರುಗಳ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿ ಓಡಿಸಿದರು. ಎಂಜಿನು ಅದೇ, ಆಹಾರ ಮಾತ್ರ ಬೇರೆ. ಆ ಅನಿಲದಲ್ಲಿ ಸುಮಾರು ಅರ್ಧ ಪಾಲು ಉರಿಯದ ಸಾರಜನಕವಾದುದರಿಂದ ಬಲವು ಕುಗ್ಗುತ್ತಿದ್ದಿತು; ಏರು ಬಂದಲ್ಲಿ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿದ್ದಿತು. ಟಿಕೆಟ್ಟಿಗೆ ಹಣ ಕೊಟ್ಟು ಬಂಡಿಯನ್ನು ತಳ್ಳಿದ ಮಹನೀಯರ ತಾಳ್ಮೆಯು ಸ್ತುತ್ಯರ್ಹವಾದುದು.

ನಿಜವಾದ ಎಂಜಿನು ಬದಲಾವಣೆಯು ರೂಢಿಗೆ ಬಂದುದು ಯುದ್ಧಾನಂತರ, ಅಗ್ಗದ ಡೀಸೆಲ್ ಎಣ್ಣೆಯ ಆಸೆಯಿಂದ. ಫೋರ್ಡ್, ಬೆಡ್‌ಫರ್ಡ್ ಮೊದಲಾದ ಪೆಟ್ರೋಲು ಲಾರಿಗಳ ಎಂಜಿನನ್ನು ಕಿತ್ತು ಪರ್ಕಿನ್ಸ್ ಪಿ6 ಎಂಬ ಡೀಸೆಲ್ ಎಂಜಿನನ್ನು ಕೂರಿಸುತ್ತಿದ್ದರು. ಇದು ಇಂಗ್ಲೆಂಡಿನ ಪೀಟರ್‌ಬರೋ ಪಟ್ಟಣದಲ್ಲಿ ಹುಟ್ಟಿದುದು. 1950ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪೆನಿಯವರು ಪರ್ಕಿನ್ಸ್ ಎಂಜಿನುಗಳ ತಯಾರಿಕೆಗೆ ತೊಡಗಿದರು. ಪಿ6ಕ್ಕೆ ಆರು ಸಿಲಿಂಡರು, ಸುಮಾರು 4.7 ಲೀಟರು ಗಾತ್ರ, 83 ಅಶ್ವಶಕ್ತಿ. ಆದರೆ ಅದು ನಿಮಿಷಕ್ಕೆ 2400 ಸುತ್ತಿಗಿಂತ ಹೆಚ್ಚು ಓಡುವಂತಹುದಲ್ಲ. ಆದಕಾರಣ ಹಿಂದಿನ ಆಕ್ಸಲನ್ನು ಹಾಗೆಯೇ ಉಳಿಸಿಕೊಂಡ ಲಾರಿಯು ಏರಿನಲ್ಲಿ ಗಟ್ಟಿಗನಾಗಿ, ಬಯಲಿನಲ್ಲಿ ಮಂದಗಾಮಿಯಾಗುತ್ತಿದ್ದಿತು. ಭಾರಕ್ಕೆ ಮುಂದಿನ ಸ್ಪ್ರಿಂಗು ಕುಸಿಯುವುದು, ಹಳೆಯ ಬ್ಯಾಟರಿಯು ಹೊಸ ಎಂಜಿನನ್ನು ತಿರುಗಿಸಲಾರದೆ ನರಳುವುದು, ಇವೂ ಇದ್ದುವು. ನೊಗಕ್ಕೆ ಜೊತೆಯಾಗದ ಎತ್ತು ಎಷ್ಟು ಬಲಿಷ್ಠವಾದರೇನು?

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಪೆಟ್ರೋಲು ಎಂಜಿನು ಗಾಳಿಯನ್ನು ಹೀರುವಾಗ ಅದರ ಕೊಳವೆಯಲ್ಲಿ ನಿರ್ವಾತವು ಉಂಟಾಗುತ್ತದೆ. ಅನೇಕ ಹಳೆಯ ಲಾರಿಗಳಲ್ಲಿ ಚಾಲಕನ ಕಾಲಿಗೆ ನೆರವಾಗಿ ಬ್ರೇಕನ್ನು ಬಿಗಿಹಿಡಿಯುತ್ತಿದ್ದುದು ಆ ನಿರ್ವಾತವೇ. ಡೀಸೆಲ್ ಎಂಜಿನಿನಲ್ಲಿ ಆ ಹೀರುವಿಕೆಯು ಬ್ರೇಕಿಗೆ ಸಾಲುವಷ್ಟು ಸಾಮಾನ್ಯವಾಗಿ ಇರುವುದಿಲ್ಲ. ನಿರ್ವಾತದ ಪಂಪೊಂದನ್ನು ಬೇರೆಯಾಗಿ ಜೋಡಿಸಲೇಬೇಕು. ಇದನ್ನು ಮರೆತವನ ಲಾರಿಯು ಅಂಗಳದಲ್ಲಿ ಸೊಗಸಾಗಿ ಗುಡುಗುಟ್ಟುತ್ತದೆ, ಊರ ಬೀದಿಯಲ್ಲಿಯೂ ಹೇಗೋ ನಿಲ್ಲುತ್ತದೆ. ಹೊರೆ ಹೇರಿ ಸಕಲೇಶಪುರವನ್ನು ದಾಟಿ ಶಿರಾಡಿ ಘಟ್ಟವನ್ನಿಳಿಯುವಾಗ ಮಾತ್ರ ಅದರ ಮರೆವು ತಿಳಿಯುತ್ತದೆ. ಗಾಳಿ ಬ್ರೇಕಿನ ಲಾರಿಗಳಲ್ಲಿಯೂ ಗಾಳಿಯನ್ನು ಒತ್ತಿ ತುಂಬುವ ಕಂಪ್ರೆಸರು ಎಂಜಿನಿನಿಂದಲೇ ತಿರುಗುವುದು. ಬದಲಿ ಎಂಜಿನನ್ನು ನೋಡಲು ಹೋದವರು ಅಶ್ವಶಕ್ತಿಯನ್ನು ಕೇಳುವ ಮೊದಲು ಬ್ರೇಕಿಗೆ ಏನು ಗತಿಯೆಂದು ಕೇಳತಕ್ಕುದು.

ಅದೇ ಮಾದರಿಯ ಎಂಜಿನು ದೊರೆತರೆ ತೊಡಕುಗಳು ಬಹುಮಟ್ಟಿಗೆ ತಪ್ಪುತ್ತವೆ. ಗುಜರಿಯಲ್ಲಿ ಕೊಳ್ಳುವಾಗ, ಅದು ತಣ್ಣಗಿದ್ದಾಗಲೇ ಹೊಡೆಯಿಸಿ ನೋಡಬೇಕು. ಬೆಚ್ಚಗೆ ಮಾಡಿಟ್ಟು ತೋರಿಸುವ ವ್ಯಾಪಾರಿಯು ಏನನ್ನೋ ಮುಚ್ಚುತ್ತಿರಬಹುದು. ಎಣ್ಣೆಯು ಹಾಲು ಬೆರೆತ ಕಾಫಿಯಂತಿದ್ದರೆ ನೀರು ಒಳಹೊಕ್ಕಿದೆಯೆಂದು ತಿಳಿದು ಹಿಂದಿರುಗುವುದು ಲೇಸು.

ಎತ್ತುವುದಕ್ಕೆ ಮರದ ಕೊಂಬೆಯನ್ನು ನಂಬಬಾರದು. ಹುಣಿಸೆಯ ಕೊಂಬೆ ಗಟ್ಟಿಯೇ, ಆದರೆ ಒಳಗಿನ ಟೊಳ್ಳು ಹೊರಗೆ ಕಾಣದು. ಕಬ್ಬಿಣದ ಮುಕ್ಕಾಲಿಯನ್ನೂ ಸರಪಳಿಯ ಕಪ್ಪಿಯನ್ನೂ ಬಾಡಿಗೆಗೆ ತರುವುದೇ ಸರಿ. ಮೊದಲು ಬ್ಯಾಟರಿಯ ತಂತಿಯನ್ನು ಬಿಚ್ಚಿ, ನೀರನ್ನೂ ಎಣ್ಣೆಯನ್ನೂ ಇಳಿಸಿ, ರೇಡಿಯೇಟರನ್ನು ತೆಗೆದಿಡಬೇಕು. ಬಿಚ್ಚಿದ ಪ್ರತಿಯೊಂದು ತಂತಿಗೂ ಚೀಟಿ ಕಟ್ಟುವ ಕೆಲಸವನ್ನು ಮನೆಯ ಶಾಲಾಬಾಲಕರಿಗೆ ವಹಿಸಬಹುದು; ಅವರ ಅಕ್ಷರ ದೊಡ್ಡವರದಕ್ಕಿಂತ ದುಂಡಾಗಿರುತ್ತದೆ. ತೂಗುವ ಎಂಜಿನಿನ ಸಮೀಪಕ್ಕೆ ಮಾತ್ರ ಅವರು ಬರಕೂಡದು; ಅದರ ಕೆಳಗೆ ದೊಡ್ಡವರೂ ಕೈಯಿಡಕೂಡದು.

ಹೊಸದನ್ನು ಇಳಿಸುವಾಗ ಕ್ಲಚ್ಚಿನ ತಟ್ಟೆಯು ನಟ್ಟನಡುವೆ ಇರಬೇಕು. ಗೇರುಪೆಟ್ಟಿಗೆಯ ದಂಡವು ಸಲೀಸಾಗಿ ಒಳಹೋಗದಿದ್ದರೆ ಬೋಲ್ಟು ಬಿಗಿದು ಎಳೆಯಬಾರದು. ಎಂಜಿನಿನ ಭಾರವು ಒಂದು ಕ್ಷಣವಾದರೂ ಆ ದಂಡದ ಮೇಲೆ ನಿಂತರೆ ತಟ್ಟೆ ಸೊಟ್ಟಗಾಗುತ್ತದೆ. ಎರಡು ದಿನದ ಕೆಲಸವನ್ನು ಮತ್ತೆ ಬಿಚ್ಚಬೇಕಾಗುತ್ತದೆ.

ಕಾಗದದ ಕೆಲಸವೂ ಇದೆ. ನೋಂದಣಿಪತ್ರದಲ್ಲಿ ಎಂಜಿನಿನ ಸಂಖ್ಯೆಯು ಬರೆದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ಆ ಪತ್ರದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸಲಾಗದು. ಆದುದರಿಂದ ಹಣ ಕೊಡುವ ಮೊದಲೇ ಹಾಸನದ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ ಅನುಮತಿ ಪಡೆಯತಕ್ಕುದು. ಮಾರುವವನಿಂದ ರಸೀತಿಯನ್ನು ಬರೆಯಿಸಿಕೊಂಡು, ಅದರಲ್ಲಿನ ಸಂಖ್ಯೆಯನ್ನು ಎಂಜಿನಿನ ಮೇಲೆ ಕೊರೆದಿರುವುದರೊಡನೆ ಹೋಲಿಸಿ ನೋಡತಕ್ಕುದು. ಕದ್ದ ಮಾಲಿನ ಎಂಜಿನು ಮನೆಗೆ ಬಂದರೆ ಅದರ ಹಿಂದೆ ಪೋಲೀಸರೂ ಬರುವರು. ವಿಮೆಯವರಿಗೂ ತಿಳಿಸಬೇಕು.

ಡೀಸೆಲ್ ಎಂಜಿನಾದರೆ, ಹೊಡೆಯುವ ಮೊದಲು ಎಣ್ಣೆಯ ಕೊಳವೆಗಳಲ್ಲಿ ನಿಂತ ಗಾಳಿಯನ್ನು ಹೊರಡಿಸಬೇಕು. ಗುಳ್ಳೆಯೊಂದು ಉಳಿದರೂ ಅದು ಕೆಮ್ಮಿ ನಿಲ್ಲುವುದು. ಹೊಸಬರು ಎಂಜಿನೇ ಕೆಟ್ಟದ್ದೆಂದು ಮಾರಿದವನನ್ನು ಶಪಿಸುವರು. ಅದು ಸರಿಯಾಗಿ ಓಡತೊಡಗಿದ ಮೇಲೆ ಬರಿಯ ಲಾರಿಯನ್ನು ಸಮನಾದ ರಸ್ತೆಯಲ್ಲಿ ಓಡಿಸಿ ನಾಲ್ಕಾರು ಸಲ ಬ್ರೇಕು ಒತ್ತಿ ನೋಡಬೇಕು. ಮರಳಿ ಬಂದು ನೀರು, ಎಣ್ಣೆ, ಬೋಲ್ಟುಗಳನ್ನು ಪರೀಕ್ಷಿಸಬೇಕು. ಮಂಡಿಗೆ ಹೋಗುವ ಮೊದಲ ಸಲ ಅರ್ಧ ಹೊರೆ ಸಾಕು. ಉಳಿದ ಮೂಟೆಗಳು ಇನ್ನೊಂದು ರಾತ್ರಿ ಜಗಲಿಯ ಮೇಲಿರಲಿ.